ಸಂಪಾದಕರ ಉತ್ತರ: ಹನ್ನೊಂದು ಅಂಗಿ, ಒಂದು ಹಾಡಿನ ಪುಸ್ತಕ

ಹುಬ್ಬಳ್ಳಿಯ ವಿದ್ಯಾನಗರದಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಐವರು ಗೆಳೆಯರ ಬ್ಯಾಂಡ್ ಅವರದು. ಶಿಶುನಾಳ ಶರೀಫರ ತತ್ವಪದಗಳನ್ನೂ ತಾವೇ ಕಟ್ಟಿದ ಹಾಡುಗಳನ್ನೂ ಗಿಟಾರು, ಡ್ರಮ್ಸು, ಒಂದು ಏಕತಾರಿ ಇಟ್ಟುಕೊಂಡು ಹಾಡುತ್ತಾರೆ. ಹೋದ ತಿಂಗಳು ಕಾಲೇಜೊಂದರ ಹಬ್ಬದಲ್ಲಿ ಹಾಡಿದ ದಿನ ಮೈದಾನದ ಬಾಗಿಲಲ್ಲಿ ಟೇಬಲ್ ಹಾಕಿ ಬ್ಯಾಂಡಿನ ಟೀ ಶರ್ಟ್ ಮಾರಾಟಕ್ಕಿಟ್ಟರಂತೆ. ಮಾಡಿಸಿದ್ದು 100, ಒಂದಕ್ಕೆ ಬಿದ್ದದ್ದು 260 ರೂಪಾಯಿ, ಹಚ್ಚಿದ ಬೆಲೆ 599, ಹೋದದ್ದು 11. ಸಾಲದ್ದಕ್ಕೆ ಆಯೋಜಕರು ಮಾರಿದ್ದರಲ್ಲಿ ಕಾಲು ಪಾಲು ಕೇಳಿ ಇಸಿದುಕೊಂಡರು. ಇದೆಲ್ಲಕ್ಕಿಂತ ಅವರಿಗೆ ಚುಚ್ಚಿದ್ದು, ಅಂದು ಕೇಳಲು ಬಂದಿದ್ದ ಹಳೆಯ ಸಂಗೀತ ಮಾಸ್ತರರು ಟೇಬಲ್ ಮುಂದೆ ನಿಂತು, “ಶರೀಫಜ್ಜನ ಪದಾ ಹಾಡಿ ಅಂಗಿ ಮಾರ್ತೀರೇನೋ? ನಾಳೆ ಚಡ್ಡೀನೂ ಮಾರ್ರಿ” ಎಂದು ಅಂದು ಹೋದದ್ದು. ಇದು ತಪ್ಪೇ, ಅಂಗಿ ಯಾಕೆ ಹೋಗಲಿಲ್ಲ, ಉಳಿದ 89 ಅಂಗಿ ಏನು ಮಾಡೋಣ ಎಂದು ಕೇಳಿದ್ದಾರೆ.

ಪ್ರಿಯ ಗೆಳೆಯರೇ,

ಮೊದಲು ಮಾಸ್ತರರ ಮಾತು. ನಿಮ್ಮ ಪತ್ರದಲ್ಲಿ ನಷ್ಟದ ಲೆಕ್ಕ ಅರ್ಧ ಪುಟ ಇದೆ, ಅವರ ಮಾತು ಒಂದೂವರೆ ಪುಟ ತಿಂದಿದೆ. ಅವರ ಮೇಲೆ ಸಿಟ್ಟಾಗಬೇಡಿ. ವಿದ್ಯೆ ಮಾರಬಾರದು ಎಂದು ಕೇಳುತ್ತಲೇ ಬೆಳೆದ ತಲೆಮಾರು ಅದು. ಆದರೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರೆತ್ತಿದರೆ ಅವರೂ ಕೈ ಮುಗಿಯುವವರೇ ಇರಬೇಕು. ಆ ಆಶ್ರಮದ ಒಲೆ ಉರಿದದ್ದು ಹೇಗೆ ಎಂದು ಒಮ್ಮೆ ಕೇಳಿ ನೋಡಿ. ಕಣ್ಣಿಲ್ಲದ ಮಕ್ಕಳಿಗೆ, ದಿಕ್ಕಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಬೇಕಲ್ಲ, ಅದಕ್ಕಾಗಿ ಪಂಚಾಕ್ಷರಿ ಗವಾಯಿಗಳು ನಾಟಕ ಕಂಪನಿಯನ್ನೇ ಕಟ್ಟಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ಅದನ್ನು ದಶಕಗಟ್ಟಲೆ ನಡೆಸಿದರು, ನಾಟಕಗಳನ್ನು ತಾವೇ ಬರೆದರು. ಊರೂರಿನಲ್ಲಿ ಟೆಂಟು, ಟಿಕೆಟ್ಟು, ಗಲ್ಲಾ ಪೆಟ್ಟಿಗೆ. ಆ ಪೆಟ್ಟಿಗೆಯ ದುಡ್ಡಿನಲ್ಲಿ ಕಲಿತ ಗಾಯಕರು ಇವತ್ತು ನಾಡಿನ ತುಂಬ ಇದ್ದಾರೆ. ಅವರ ಸ್ವರಕ್ಕೆ ಯಾರೂ ಮೈಲಿಗೆ ಹಚ್ಚಿಲ್ಲ.

ಇನ್ನೊಂದು ನೆನಪು. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಮೊದಲ ಗ್ರಾಮಫೋನ್ ತಟ್ಟೆಗಳ ಮೇಲೆ ಇದ್ದ ಹೆಸರು “ಗಾಂಧಾರಿ”. ಕಂಠ ಹುಬ್ಬಳ್ಳಿಯದು, ತಟ್ಟೆ ಮಾರಿದವರು ಕಂಪನಿಯವರು. ಮಾರಾಟ ಎಂಬುದು ಸಂಗೀತದ ಪಕ್ಕದಲ್ಲಿ ಮೊದಲಿನಿಂದಲೂ ಕೂತಿತ್ತು. ಟೇಬಲ್ಲಿನ ಹಿಂದೆ ಹಾಡಿದವರು ಇರಲಿಲ್ಲ, ಅಷ್ಟೇ. ನಿಮ್ಮ ಟೇಬಲ್ಲಿನ ಹಿಂದೆ ನೀವೇ ಇದ್ದಿರಿ. ಇದರಲ್ಲಿ ನಾಚುವಂಥದ್ದು ನನಗೇನೂ ಕಾಣುವುದಿಲ್ಲ.

ಹಾಗಂತ ಮಾಸ್ತರರು ಪೂರ್ತಿ ತಪ್ಪಿದ್ದಾರೆ ಎಂದೂ ಹೇಳಲಾರೆ. ನೀವು ಕಳಿಸಿದ ಫೋಟೋ ನೋಡಿದೆ. ಕಪ್ಪು ಅಂಗಿ, ಎದೆಯ ಮೇಲೆ ತಲೆಬುರುಡೆ, ಬುರುಡೆಯ ಹಲ್ಲಿನಲ್ಲಿ ಗಿಟಾರು, ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಬ್ಯಾಂಡಿನ ಹೆಸರು. ಬುರುಡೆಗೆ ನನ್ನ ತಕರಾರಿಲ್ಲ. ಈ ಕಾಯ ಮಣ್ಣು ಎಂದು ಹಾಡಿದ ಪರಂಪರೆಗೆ ಬುರುಡೆ ಒಪ್ಪದೇ ಇನ್ನೇನು ಒಪ್ಪೀತು! ಆದರೆ ಕೆಳಗೆ ಪದದ ಒಂದು ಸಾಲು ಇದ್ದಿದ್ದರೆ ಆ ಬುರುಡೆಗೆ ಬಾಯಿ ಬರುತ್ತಿತ್ತು. ಈಗ ಅದು ಯಾವ ಊರಿನ ಯಾವ ಬ್ಯಾಂಡಿನದೂ ಆಗಬಹುದು. ವೇದಿಕೆಯ ಮೇಲೆ ಶರೀಫಜ್ಜ, ಟೇಬಲ್ಲಿನ ಮೇಲೆ ಇನ್ಯಾರೋ. ಮಾಸ್ತರರನ್ನು ಕೆಣಕಿದ್ದು ಇದೇ ಇರಬೇಕು ಎಂದು ನನ್ನ ಊಹೆ. ಬಾಯಿಗೆ ಬಂದದ್ದು ಮಾತ್ರ ಚಡ್ಡಿ.

ನನ್ನನ್ನು ಕೇಳಿದರೆ ನಿಮ್ಮ ಟೇಬಲ್ಲಿನ ಮೇಲೆ ಮೊದಲು ಇರಬೇಕಾದದ್ದು ಅಂಗಿಯೇ ಅಲ್ಲ, ಹಾಡಿನ ಪುಸ್ತಕ. ನಗಬೇಡಿ. ನಾನು ಚಿಕ್ಕವನಿದ್ದಾಗ ಹುಬ್ಬಳ್ಳಿಯ ಟಾಕೀಸುಗಳ ಹೊರಗೆ ಸಿನಿಮಾ ಹಾಡಿನ ಪುಸ್ತಕ ಮಾರುತ್ತಿದ್ದರು. ತೆಳ್ಳನೆ ಕಾಗದ, ಮೊದಲ ಪುಟದಲ್ಲಿ ಕಥಾಸಾರ, ಅದು ಸರಿಯಾದ ಜಾಗಕ್ಕೆ ಬಂದಾಗ “ಮುಂದಿನ ಕಥೆಯನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ” ಎಂದು ನಿಲ್ಲುತ್ತಿತ್ತು. ನಮ್ಮವ್ವ ಅವನ್ನೆಲ್ಲ ದಾರದಿಂದ ಹೊಲಿದು ಒಂದು ಕಟ್ಟು ಮಾಡಿ ಇಟ್ಟಿದ್ದಳು, ಹಿಟ್ಟು ನಾದುವಾಗ ಎದುರಿಗೆ ತೆರೆದಿಟ್ಟುಕೊಂಡು ಹಾಡುತ್ತಿದ್ದಳು. ಹಾಳೆಗಳಿಗೆ ಹಿಟ್ಟು ಹತ್ತಿರುತ್ತಿತ್ತು. ಕಂಪನಿ ನಾಟಕಗಳಿಗೂ ಇಂಥ ಪದಗಳ ಪುಸ್ತಕ ಇದ್ದವು. ಗರುಡ ಸದಾಶಿವರಾಯರ ಮಂಡಳಿ ಗದಗಿನದು, ವೆಂಕೋಬರಾಯರ ಕಂಪನಿ ಶಿರಹಟ್ಟಿಯದು. ಇಂಥ ಕಂಪನಿಗಳ ರಂಗಗೀತೆ ಕೇಳಿದವರು ಮನೆಗೆ ಹೋಗಿ ಅದನ್ನೇ ಗುನುಗಬೇಕಾದರೆ ಕೈಯಲ್ಲಿ ಸಾಹಿತ್ಯ ಬೇಕಿತ್ತು. ಮರ್ಚ್ (ಬ್ಯಾಂಡಿನ ಹೆಸರಿನಲ್ಲಿ ಮಾರುವ ಸಾಮಾನು) ಎಂದು ನೀವು ಈಗ ಹೆಸರಿಟ್ಟು ಕರೆಯುವುದನ್ನು ನಮ್ಮ ಕಡೆ ಬಹಳ ಹಿಂದೆಯೇ ಪುಡಿಗಾಸಿಗೆ ಮಾರಿ ಮುಗಿಸಿದ್ದಾರೆ.

ನಿಮ್ಮ ಬ್ಯಾಂಡಿಗಂತೂ ಇದು ಇನ್ನೂ ಹೆಚ್ಚು ಬೇಕು. ಮುಂದೆ ಕುಣಿಯುವ ಹುಡುಗರಲ್ಲಿ ಎಷ್ಟು ಮಂದಿಗೆ ಶರೀಫರ ಪದದ ಒಳಗಿನ ಅರ್ಥ ಗೊತ್ತು? ಒಂದು ಫಾರ್ಮು ಸಾಕು, 16 ಪುಟ, ನಡುವೆ ಎರಡು ಪಿನ್ನು. ಎಡಗಡೆ ಪದ, ಬಲಗಡೆ ಕಠಿಣ ಮಾತುಗಳ ಅರ್ಥ, ಪದ ಹುಟ್ಟಿದ ಸಂದರ್ಭ ತಿಳಿದಿದ್ದರೆ ಎರಡು ಸಾಲು. ನಿಮ್ಮ ಸ್ವಂತ ಹಾಡುಗಳೂ ಇರಲಿ, ಹಿಂದಿನ ರಟ್ಟಿನ ಮೇಲೆ ರೆಕಾರ್ಡಿಂಗ್ ಕೇಳಲು ಒಂದು ಕ್ಯೂಆರ್ ಕೋಡ್. ಮಾಡಿಸಲು ಬೆಂಗಳೂರಿಗೆ ಹೋಗುವುದು ಬೇಡ. ಮುದ್ರಣಕ್ಕೆ ಗದಗ, ನೇಕಾರಿಕೆಗೆ ಬೆಟಗೇರಿ ಎಂದು ಹೆಸರಾದ ಜೋಡಿ ಊರು ಒಂದೂವರೆ ತಾಸಿನ ದಾರಿ. 30 ರೂಪಾಯಿ ಬೆಲೆ ಇಡಿ. ಗಿರ್ಮಿಟ್ಟು, ಮಿರ್ಚಿಗೆ ಕೈ ಹಾಕುವ ಜೇಬಿಗೇ ಅದು ಸಿಗಬೇಕು.

ಇಲ್ಲಿ ಹಕ್ಕಿನ ಮಾತೂ ಬಂತು. ಶರೀಫರು 1889ರಲ್ಲಿ ತೀರಿಕೊಂಡರು, ಪದಗಳ ಮೇಲೆ ಯಾರ ಹಕ್ಕೂ ಉಳಿದಿಲ್ಲ, ಧಾರಾಳವಾಗಿ ಅಚ್ಚು ಹಾಕಿ. ಆದರೆ ಮುಂದಿನ ಅಂಗಿಯ ಮೇಲೆ ಬೇಂದ್ರೆಯವರ ಸಾಲು ಹಾಕುತ್ತೇವೆ ಎಂದು ಬರೆದಿದ್ದೀರಿ, ಅಲ್ಲಿ ನಿಲ್ಲಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬೇಂದ್ರೆಯವರು ಹೋದದ್ದು 1981ರಲ್ಲಿ, ಹಾಗಾಗಿ 2041 ಮುಗಿಯುವವರೆಗೆ ಅನುಮತಿ ಬೇಕು. ಬೇಂದ್ರೆಯವರ ಮನೆ ಇರುವ ಧಾರವಾಡದ ಸಾಧನಕೇರಿ ನಿಮ್ಮ ಮನೆಯಿಂದ ಅರ್ಧ ಗಂಟೆ. ಕೇಳದೇ ಹಾಕಿದರೆ ಪಕ್ಕದೂರಿನವರಾಗಿ ಕದ್ದಂತೆ ಆಗುತ್ತದೆ.

ಅಚ್ಚಿನ ಬಗ್ಗೆ ಒಂದು ಎಚ್ಚರಿಕೆ, ಇದು ಸ್ವಂತ ಗಾಯದಿಂದ ಹೇಳುವುದು. ಕೆಲವು ವರ್ಷದ ಹಿಂದೆ ನಮ್ಮ ಪತ್ರಿಕೆಯ ಹೆಸರಿನಲ್ಲಿ 200 ಬಟ್ಟೆ ಚೀಲ ಮಾಡಿಸಿದೆವು. ನಾವು ಕಳಿಸಿದ ಫೈಲು ಸರಿಯಿತ್ತು. ಅಚ್ಚು ಹಾಕುವವರ ಗಣಕದಲ್ಲಿ ಆ ಫಾಂಟು ಇರಲಿಲ್ಲ, ತೆರೆದ ತಕ್ಷಣ ಒತ್ತಕ್ಷರಗಳೆಲ್ಲ ಕೆಳಗಿನಿಂದ ಕಳಚಿ ಪಕ್ಕಕ್ಕೆ ಬಂದು ಕೂತವು. “ಸಾಹಿತ್ಯ” ಹೋಗಿ “ಸಾಹಿತ್‌ಯ” ಆಗಿತ್ತು. 200 ಚೀಲ! ಭಾಷೆಗೆ ಮೀಸಲಾದ ಪತ್ರಿಕೆಯ ಚೀಲ! ಹಂಚಲಾಗದೇ, ಎಸೆಯಲಾಗದೇ ಕಚೇರಿಯಲ್ಲಿ ಈಗಲೂ ಹಳೆ ಸಂಚಿಕೆ ಕಟ್ಟಲು ಬಳಸುತ್ತಿದ್ದೇವೆ. ಕನ್ನಡ ಅಕ್ಷರ ಅಂಗಿಗೆ ಹಾಕುವುದಿದ್ದರೆ ಅದನ್ನು ಕರ್ವ್ ಮಾಡಿಯೇ ಕೊಡಿ, ಆಗ ಅದು ಅಕ್ಷರವಾಗಿರದೆ ಚಿತ್ರವಾಗಿರುತ್ತದೆ, ಎಲ್ಲಿ ತೆರೆದರೂ ಒಡೆಯುವುದಿಲ್ಲ. ಒಂದು ಅಂಗಿ ಅಚ್ಚಾಗಿ ಕೈಗೆ ಬಂದು, ಬ್ಯಾಂಡಿನವರಲ್ಲದ ಒಬ್ಬರು ಅದನ್ನು ಗಟ್ಟಿಯಾಗಿ ಓದುವವರೆಗೆ ಉಳಿದ 99ಕ್ಕೆ ಹ್ಞೂಂ ಅನ್ನಬೇಡಿ.

ಇನ್ನು ಅಂಗಿ ಯಾಕೆ ಹೋಗಲಿಲ್ಲ ಎಂಬುದು. ಮೂರು ಬಣ್ಣದ ಸ್ಕ್ರೀನ್ ಪ್ರಿಂಟಿಂಗ್ ಎಂದಿದ್ದೀರಿ. ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನು, ಆ ಖರ್ಚು 10 ಅಂಗಿಗೂ ಅಷ್ಟೇ 500ಕ್ಕೂ ಅಷ್ಟೇ. ಅದಕ್ಕೇ 100 ಮಾಡಿಸಲು ಮನಸ್ಸು ಎಳೆದಿದೆ. ಮೊದಲ ಸಲಕ್ಕೆ ಒಂದೇ ಬಣ್ಣ ಇಟ್ಟು 30 ಸಾಕಿತ್ತು. ಬಣ್ಣ ಬೇಕೇಬೇಕು ಎಂದರೆ ಫಿಲ್ಮಿನ ಮೇಲೆ ಅಚ್ಚು ಹಾಕಿ ಬಿಸಿ ಒತ್ತಿ ಅಂಟಿಸುವ ಡಿಟಿಎಫ್ ಇದೆ, ಬೇಕಾದಷ್ಟೇ ಮಾಡಿಸಬಹುದು. ಎರಡನೆಯದು ಅಳತೆ. ಎಸ್‌ನಿಂದ ಡಬಲ್ ಎಕ್ಸೆಲ್‌ವರೆಗೆ ಐದು ಅಳತೆಯಲ್ಲೂ ತಲಾ 20 ಮಾಡಿಸಿದ್ದೀರಿ. ಹೋದ 11ರಲ್ಲಿ ಎಲ್ಲವೂ ಎಂ ಮತ್ತು ಎಲ್. ಅಂಗಿ ಮಾಡಿಸುವ ಮುನ್ನ ಯಾವ ಜವಳಿ ಅಂಗಡಿಯವರನ್ನು ಕೇಳಿದ್ದರೂ ಹೇಳುತ್ತಿದ್ದರು. ಬೆಲೆಯೂ ಅಷ್ಟೇ, 599 ಎಂಬುದು ಮಾಲ್‌ನ ಬೆಲೆ. ಕತ್ತಲ ಮೈದಾನದಲ್ಲಿ ಒಂದು ರೂಪಾಯಿ ಚಿಲ್ಲರೆ ಹುಡುಕುವವರು ಯಾರು?

ಆದರೆ ದೊಡ್ಡ ತಪ್ಪು ಟೇಬಲ್ ಇದ್ದ ಜಾಗ ಮತ್ತು ಹೊತ್ತು. ಇದನ್ನು ನಾನು ಕಲಿತದ್ದು 2023ರ ಜನವರಿಯಲ್ಲಿ, ಹಾವೇರಿಯ 86ನೆಯ ಸಾಹಿತ್ಯ ಸಮ್ಮೇಳನದಲ್ಲಿ. ಮೂರು ದಿನ ನಮ್ಮ ಪತ್ರಿಕೆಯ ಟೇಬಲ್ ಹಿಂದೆ ಧೂಳು ಕುಡಿಯುತ್ತ ಕೂತಿದ್ದೆ. ಬರುವವರ ಕಾಲು ನಿಲ್ಲುವುದಿಲ್ಲ, ಅವರಿಗೆ ಕುರ್ಚಿ ಸಿಗಬೇಕು. ಹೋಗುವವರು ನಿಲ್ಲುತ್ತಾರೆ. ಅವರು ಏನೋ ಕೇಳಿ ಬಂದಿರುತ್ತಾರೆ, ಕೈ ಖಾಲಿ ಇರುತ್ತದೆ, ಮನೆಯಲ್ಲಿ ತೋರಿಸಲು ಏನಾದರೂ ಬೇಕಿರುತ್ತದೆ. ಗೋಷ್ಠಿ ಬಿಟ್ಟ ಮೇಲಿನ ಕಾಲು ಗಂಟೆಯಲ್ಲಿ ನಮಗೆ ಆದ ವ್ಯಾಪಾರ ಉಳಿದ ಹೊತ್ತಿನಲ್ಲಿ ಆಗಲಿಲ್ಲ. ನೀವೋ, ಜನ ಒಳಗೆ ನುಗ್ಗುವಾಗ ಟೇಬಲ್ ಹಚ್ಚಿ, ಕೊನೆಯ ಹಾಡಿಗೆ ಅದನ್ನು ಮಡಚಿ ಕೇಬಲ್ ಸುತ್ತಲು ಹೋದಿರಿ! ವೇದಿಕೆಯಿಂದ ಒಂದು ಮಾತೂ ಹೇಳಲಿಲ್ಲ, ಸಂಕೋಚ ಆಯಿತು ಎಂದಿದ್ದೀರಿ. ಕೊನೆಯ ಹಾಡಿಗಿಂತ ಮುಂಚೆ, ಶ್ರುತಿ ಸರಿ ಮಾಡಿಕೊಳ್ಳುವ ಹೊತ್ತಿನಲ್ಲಿ ಒಂದೇ ಸಲ ಹೇಳಿ: ಈ ಪದ ಇರುವ ಪುಸ್ತಕ ಹೊರಗೆ ಸಿಗುತ್ತದೆ, ಹಾಡು ಮುಗಿದ ಮೇಲೆ ನಾವೂ ಅಲ್ಲೇ ಇರುತ್ತೇವೆ. ಹೇಳಿದ ಮೇಲೆ ಇರಬೇಕು. ಬೆವರು ಒರೆಸಿಕೊಂಡು ಹಾಡಿದವನೇ ಟೇಬಲ್ಲಿಗೆ ಬರಲಿ, ಕೇಬಲ್ ಸುತ್ತಲು ಗೆಳೆಯನೊಬ್ಬನನ್ನು ಒಪ್ಪಿಸಿ. ಟೇಬಲ್ಲಿನ ಮೇಲೆ ಒಂದು ದೀಪ ಇರಲಿ.

ಕಾಲು ಪಾಲಿನ ವಿಷಯ. 11 ಅಂಗಿಗೆ 6,589 ರೂಪಾಯಿ ಬಂದು, ಅದರಲ್ಲಿ 1,647 ಹೋಯಿತು. ಇದು ನಮ್ಮೂರಿನ ರೋಗವೇನೂ ಅಲ್ಲ. ಬ್ರಿಟನ್ನಿನಲ್ಲಿ ಸಭಾಂಗಣಗಳು ಹೀಗೆ ಪಾಲು ಕೀಳುವುದಕ್ಕೆ ಬೇಸತ್ತು 2022ರಲ್ಲಿ ಕಲಾವಿದರ ಸಂಘವೊಂದು, ಪಾಲು ಕೇಳದ ಜಾಗಗಳದೇ ಒಂದು ಪಟ್ಟಿ ಮಾಡಿ ಪ್ರಕಟಿಸಿತು. ನಿಮ್ಮ ಆಯೋಜಕರು ಟೇಬಲ್, ದೀಪ, ನೋಡಿಕೊಳ್ಳಲು ಒಬ್ಬ ಮನುಷ್ಯನನ್ನು ಕೊಟ್ಟಿದ್ದರೆ ಏನಾದರೂ ಕೊಡುವುದು ನ್ಯಾಯ. ನಿಮಗೆ ಕೊಟ್ಟದ್ದು ಬಾಗಿಲ ಪಕ್ಕದ ಮಣ್ಣು. ಮುಂದಿನ ಸಲ ಸಂಭಾವನೆ ಮಾತಾಡುವಾಗಲೇ ಇದನ್ನೂ ಮಾತಾಡಿ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಕಾರ್ಯಕ್ರಮ ಮುಗಿದ ಮೇಲೆ ರಾತ್ರಿ 11 ಗಂಟೆಗೆ ಚೌಕಾಸಿ ಮಾಡಿದರೆ ಸೋಲುವವರು ಸಾಮಾನು ಹೊತ್ತವರೇ.

ದುಡ್ಡು ಡ್ರಮ್ಮರ್‌ನ ಸ್ವಂತ ಯುಪಿಐಗೆ ಹಾಕಿಸಿದ್ದೀರಿ, ಅದನ್ನು ನಿಲ್ಲಿಸಿ, ಬ್ಯಾಂಡಿಗೇ ಒಂದು ಖಾತೆ ಮಾಡಿ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದಾಗ ಎಷ್ಟೋ ಅಂಗಡಿಗಳ ಮುಂದೆ “ನಗದು ಮಾತ್ರ” ಎಂಬ ಬೋರ್ಡು ಬಿದ್ದದ್ದು ನೆನಪಿರಬೇಕು. ನಿಮಗೆ ಹೆದರಿಕೆ ಬೇಡ. ಸಂಭಾವನೆ, ಮಾರಾಟ ಎರಡೂ ಕೂಡಿ ವರ್ಷಕ್ಕೆ 20 ಲಕ್ಷ ದಾಟುವವರೆಗೆ ನೋಂದಣಿಯ ತಲೆನೋವಿಲ್ಲ (ದಾಟಿದ ದಿನ ನನಗೊಂದು ಪೇಡೆ ಡಬ್ಬಿ ಕಳಿಸಿ). ಗೋವೆಗೋ ಕೊಲ್ಲಾಪುರಕ್ಕೋ ಹೋಗಿ ಟೇಬಲ್ ಹಾಕುವುದಿದ್ದರೆ ಮಾತ್ರ ನಿಯಮ ಬೇರೆ, ಮೊದಲು ಲೆಕ್ಕಪರಿಶೋಧಕರನ್ನು ಕೇಳಿ.

ಉಳಿದ 89. ಮುಂದಿನ ಕಾರ್ಯಕ್ರಮದಲ್ಲಿ ಅರ್ಧ ಬೆಲೆಗೆ ಸುರಿಯಬೇಕು ಅನ್ನಿಸುತ್ತಿದೆ ಎಂದಿದ್ದೀರಿ. ಸುರಿಯಬೇಡಿ. 599 ಕೊಟ್ಟ ಆ 11 ಮಂದಿ ಅಂದು ಅದೇ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ನಿಂತಿರುತ್ತಾರೆ. ಎಸ್ ಅಳತೆಯವನ್ನು ಊರಿನ ಶಾಲೆಯಲ್ಲಿ ಹಾಡಲು ಹೋದಾಗ ಮಕ್ಕಳಿಗೆ ಬಹುಮಾನ ಕೊಡಿ. ದೊಡ್ಡ ಅಳತೆಯವನ್ನು ಧ್ವನಿವರ್ಧಕದವರಿಗೆ, ಗಾಡಿ ಓಡಿಸುವವರಿಗೆ ಹಂಚಿ. ಎಂ ಮತ್ತು ಎಲ್ ಉಳಿದದ್ದು 29. ಅವುಗಳ ಬೆನ್ನಿನ ಮೇಲೆ ಶರೀಫರ ಒಂದು ಸಾಲನ್ನು ಒಂದೇ ಬಣ್ಣದಲ್ಲಿ ಅಚ್ಚು ಹಾಕಿಸಿ, ಹಾಡಿನ ಪುಸ್ತಕ ಸೇರಿಸಿ 500ಕ್ಕೆ ಇಡಿ. ಆಗ ಅದು ಬೇರೆಯೇ ಅಂಗಿ, ಮೊದಲು ಕೊಂಡವರಿಗೆ ಮೋಸವಾಗುವುದಿಲ್ಲ.

ಮತ್ತೆ ಆ 11 ಮಂದಿ. ಅವರ ಹೆಸರು ಡ್ರಮ್ಮರ್‌ನ ಫೋನಿನ ಯುಪಿಐ ಪಟ್ಟಿಯಲ್ಲಿ ಇವೆ. ಬರೆದಿಟ್ಟುಕೊಳ್ಳಿ, ಟೇಬಲ್ಲಿಗೆ ಬಂದಾಗ ಹೆಸರು ಹಿಡಿದು ಕರೆದು ಪುಸ್ತಕವನ್ನು ಪುಕ್ಕಟೆ ಕೊಡಿ. ಹನ್ನೆರಡನೆಯ ಪ್ರತಿ ನಿಮ್ಮ ಮಾಸ್ತರರಿಗೆ, ಮನೆಗೇ ಹೋಗಿ ಕೊಡಿ. ಅಚ್ಚಿಗೆ ಹೋಗುವ ಮುನ್ನ ಪದಗಳ ಪಾಠ ಅವರಿಂದಲೇ ತಿದ್ದಿಸಿಕೊಂಡರೆ ಇನ್ನೂ ಒಳ್ಳೆಯದು. ಹದಿಮೂರನೆಯದು ನನಗೆ, ಆದರೆ ಪುಕ್ಕಟೆ ಅಲ್ಲ. 30 ರೂಪಾಯಿಯನ್ನು ಈ ಉತ್ತರದ ಜೊತೆ ಮನಿಯಾರ್ಡರ್ ಮಾಡಿದ್ದೇನೆ.