ಹೊಟ್ಟೆಯಲ್ಲಿ ಕೂಸು ಬೆಳೆಯುತ್ತಿಲ್ಲ ಅಂದರು, ಹೆರಿಗೆಗೆ ತವರಿಗೆ ಹೋಗಲಾ?

ಪ್ರಶ್ನೆ: ನನಗೆ 24 ವರ್ಷ, ಚೊಚ್ಚಲ ಬಸುರಿ, 30 ವಾರ. ಬಿಪಿ ಇದೆ, ಗುಳಿಗೆ ತಗೊಳ್ಳುತ್ತಿದ್ದೇನೆ. ಮೊನ್ನೆ ಸ್ಕ್ಯಾನಿಂಗ್ ಮಾಡಿದವರು ಕೂಸು ಒಂದೇ ಕೆಜಿ ಇದೆ, ಬೇಗ ಹೆರಿಗೆ ಮಾಡಿಸಬೇಕಾಗಬಹುದು ಅಂದರು. ಅತ್ತೆ ‘ಏಳರ ಕೂಸು ಉಳಿತದ, ಎಂಟರದು ಉಳಿಯಲ್ಲ’ ಅಂತಾರೆ. ಅವ್ವ ತುಪ್ಪ, ಉತ್ತತ್ತಿ ತಿನ್ನಿಸುತ್ತಿದ್ದಾಳೆ. ನಾನು ಸರಿಯಾಗಿ ಉಣ್ಣದ್ದಕ್ಕೇ ಹೀಗಾಯಿತಾ? ಹೆರಿಗೆಗೆ ತವರಿಗೆ ಹೋಗಲಾ?
– ಓದುಗರು, ಚಿಂಚೋಳಿ ತಾಲ್ಲೂಕು

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ ತಂಗಿ, ಅದಕ್ಕೆ ಕಾಯುವಷ್ಟು ಸಮಯವಿಲ್ಲ. ತವರಿಗೆ ಈಗ ಬೇಡ. ದಿನ ತುಂಬದ ಕೂಸುಗಳನ್ನು ನೋಡಿಕೊಳ್ಳುವ ಘಟಕ ಇರುವ ಕಡೆಯೇ ಹೆರಿಗೆ ಆಗಬೇಕು. ಕಲಬುರಗಿಯ ಜಿಮ್ಸ್ ಇದೆ, ಬೀದರಿನ ಬ್ರಿಮ್ಸ್ ಇದೆ, ಎರಡೂ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು. ಹೆತ್ತ ಮೇಲೆ ಒಂದು ಕೆಜಿ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಷ್ಟು ದೂರ ಓಡುವುದಕ್ಕಿಂತ, ಹೊಟ್ಟೆಯಲ್ಲಿಟ್ಟುಕೊಂಡೇ ಹೋಗುವುದು ಎಷ್ಟೋ ಸುರಕ್ಷಿತ. ದಾರಿಯಲ್ಲೇ ಕೂಸು ತಣ್ಣಗಾಗಿ ಬಂದದ್ದನ್ನು ನಾನು ಬಹಳ ಸಲ ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಇನ್ನು ಊಟದ ಮಾತು. ನಿಮ್ಮ ತಪ್ಪು ಅಲ್ಲ. 30 ವಾರಕ್ಕೆ ಕೂಸು ಸುಮಾರು ಒಂದೂವರೆ ಕೆಜಿ ಇರಬೇಕು. ಬಿಪಿ ಇರುವ ಬಸುರಿಯರಲ್ಲಿ ಕೂಸು ಸಣ್ಣದಾಗುವುದು ಹೆಚ್ಚಾಗಿ ಮಾಸಿಗೆ, ಅಂದರೆ ಹೊಟ್ಟೆಯೊಳಗೆ ಕೂಸಿಗೆ ಆಹಾರ ಮುಟ್ಟಿಸುವ ಪ್ಲಾಸೆಂಟಾಕ್ಕೆ, ರಕ್ತ ಸಾಲದೇ ಹೋಗುವುದರಿಂದ. ಶಹಾಪುರ ಕಡೆ ಕಾಲುವೆಯ ಕೊನೆಯ ಹೊಲದವರನ್ನು ಕೇಳಿ ನೋಡಿ: ಡ್ಯಾಂ ತುಂಬಿದ್ದರೂ ನೀರು ಅಲ್ಲಿತನಕ ಮುಟ್ಟದೇ ಹೋಗುತ್ತದೆ. ಇದೂ ಹಾಗೇ. ಅವ್ವ ಪ್ರೀತಿಯಿಂದ ಕೊಟ್ಟದ್ದನ್ನು ತಿನ್ನಿ, ಆದರೆ ತುಪ್ಪದಿಂದ ಮಾಸು ರಿಪೇರಿ ಆಗುವುದಿಲ್ಲ. ದಿನವಿಡೀ ಮಲಗಿದರೂ ಕೂಸು ಬೆಳೆಯುವುದಿಲ್ಲ.

ಡಾಪ್ಲರ್ ಸ್ಕ್ಯಾನ್ ಆಗಿದೆಯಾ? ಆಗಿದ್ದರೆ ಹೊಕ್ಕುಳಬಳ್ಳಿಯ ರಕ್ತದ ಹರಿವು ಹೇಗಿದೆ ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಹರಿವು ಸ್ವಲ್ಪ ಕಡಿಮೆ ಅಷ್ಟೇ ಇದ್ದರೆ, ಪದೇ ಪದೇ ನೋಡುತ್ತಾ 37 ವಾರದವರೆಗೂ ಕಾಯಬಹುದು. ಪ್ರತಿ ಬಡಿತದ ಕೊನೆಗೆ ಹರಿವು ನಿಲ್ಲುತ್ತಿದ್ದರೆ ಸಾಮಾನ್ಯವಾಗಿ 34 ವಾರ ದಾಟಿಸುವುದಿಲ್ಲ. ಹಿಂದಕ್ಕೆ ಹರಿಯುತ್ತಿದ್ದರೆ 32ರ ಒಳಗೇ ತೆಗೆಯುತ್ತಾರೆ. ನಿಮ್ಮ ಬಿಪಿ ಏರಿದರೆ ಈ ಲೆಕ್ಕವೂ ಬದಲಾಗುತ್ತದೆ.

ಬೇಗ ಹೆರಿಗೆ ಅಂತ ಖಚಿತವಾದರೆ ಕೂಸಿನ ಶ್ವಾಸಕೋಶ ಬಲಿಯಲು ನಿಮಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಡೆಕ್ಸಾಮೆಥಾಸೋನ್ ಆದರೆ 12 ತಾಸಿಗೊಂದರಂತೆ ನಾಲ್ಕು. ಹೆಸರು ಕೇಳಿ ಹೆದರಿ ಬೇಡ ಅನ್ನಬೇಡಿ. ಕೋರ್ಸ್ ಮುಗಿಯಲು ಸಮಯ ಬೇಕು, ಮೊದಲೇ ಸೇರಿಕೊಳ್ಳಿ ಅನ್ನುವುದಕ್ಕೆ ಅದೂ ಒಂದು ಕಾರಣ.

ಅತ್ತೆಯವರ ಲೆಕ್ಕ ಹಳೆಯದು, ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ನಿಜ ಅದರ ಉಲ್ಟಾ. ಏಳರದ್ದಕ್ಕಿಂತ ಎಂಟರ ಕೂಸಿಗೇ ಬಲ ಜಾಸ್ತಿ.

ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಎದೆಗೂಡಿನ ಕೆಳಗೆ ನೋವು ಬಂದರೆ, ನೀರು ಅಥವಾ ರಕ್ತ ಹೋದರೆ, ಕೂಸಿನ ಮಿಸುಕಾಟ ಕಡಿಮೆ ಅನ್ನಿಸಿದರೆ ಬೆಳಗಾಗಲಿ ಅನ್ನಬೇಡಿ, 108ಕ್ಕೆ ಫೋನ್ ಮಾಡಿ. ಬಿಪಿ ಗುಳಿಗೆ ತಪ್ಪಿಸಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೂ, ಕೂಸಿಗೆ ಒಂದು ವರ್ಷ ಆಗುವವರೆಗಿನ ಚಿಕಿತ್ಸೆಗೂ ಹಣ ಕೊಡಬೇಕಿಲ್ಲ. ತಾಯಿ ಕಾರ್ಡ್ ಜೊತೆಗಿರಲಿ.

ಹುಟ್ಟಿದ ಮೇಲೆ ಕೂಸು ಕೆಲವು ವಾರ ಅಲ್ಲೇ ಇರಬೇಕಾಗಬಹುದು. ಚೀಪಲು ಬರದಿದ್ದರೆ ನಿಮ್ಮ ಹಾಲನ್ನೇ ಹಿಂಡಿ ನಳಿಕೆಯಲ್ಲಿ ಕೊಡುತ್ತಾರೆ. ಮೊದಲ ಹಳದಿ ಹಾಲು ಚೆಲ್ಲಬೇಡಿ. ಕಣ್ಣಿನ ಪರದೆಯ ತಪಾಸಣೆ ಒಂದು ತಿಂಗಳೊಳಗೆ ಆಗಲೇಬೇಕು, ನೀವೇ ನೆನಪಿಸಿ ಕೇಳಿ. ಗಾಜಿನ ಪೆಟ್ಟಿಗೆಯೇ ಎಲ್ಲಾ ಅಂದುಕೊಳ್ಳಬೇಡಿ. ಕೂಸನ್ನು ಬರಿಮೈಯಲ್ಲಿ ಎದೆಗವಚಿಕೊಳ್ಳುವ ಕಾಂಗರೂ ಆರೈಕೆಯನ್ನು ಭಾರತವೂ ಸೇರಿ ಐದು ದೇಶಗಳಲ್ಲಿ, ಒಂದರಿಂದ 1.8 ಕೆಜಿಯೊಳಗಿನ ಕೂಸುಗಳಿಗೆ ಹುಟ್ಟಿದ ಕೂಡಲೇ ಕೊಟ್ಟು ನೋಡಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಸಾವು ಕಾಲು ಭಾಗ ಕಡಿಮೆಯಾಗಿತ್ತು. ಅದಕ್ಕೇ ಅತ್ತೆಯವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನೀವು ಊಟಕ್ಕೆ, ಸ್ನಾನಕ್ಕೆ ಎದ್ದಾಗ ಕೂಸನ್ನು ಅವರ ಎದೆಗೆ ಹಾಕಬಹುದು.