ಪ್ರತಿಕ್ರಿಯೆ: ರಕ್ತದಲ್ಲಿ ಟ್ರಿಟಿಯಂ ಸಿಕ್ಕರೆ ಅದು ಹಯಲುರೊನಾನೇ?
ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಗುರುತಿನ ಹಯಲುರೊನಾನ್ (ದೇಹದ ಅಂಗಾಂಶಗಳಲ್ಲಿರುವ ಉದ್ದ ಸಕ್ಕರೆ ಸರಪಣಿ) ಅನ್ನು ಮೊಲಕ್ಕೆ ಚುಚ್ಚಿ ಒಂದು ಗಂಟೆ ಆದ ಮೇಲೂ ಪ್ಲಾಸ್ಮಾದಲ್ಲಿ (ರಕ್ತದ ದ್ರವ ಭಾಗ) ವಿಕಿರಣ ಇದ್ದರೆ, ಅದು ಒಡೆದಿಲ್ಲ ಅಂತ ತಾನೇ ಎಂದು ಕೇಳಿದ್ದೀರಿ. ಹಾಗೆ ಹೇಳೋಕೆ ಆಗಲ್ಲ. ವಿಕಿರಣ ಅಳೆಯುವ ಕೌಂಟರ್ ಎಣಿಸುವುದು ಟ್ರಿಟಿಯಂ ಮಾತ್ರ, ಅದು ಯಾವ ಅಣುವಿನಲ್ಲಿದೆ ಎಂದಲ್ಲ. 1981ರಲ್ಲಿ ಫ್ರೇಸರ್, ಲಾರೆಂಟ್ ಮತ್ತು ಜೊತೆಗಾರರು ಹಯಲುರೊನಾನ್‌ನ ಅಸಿಟೈಲ್ ಗುಂಪಿಗೆ (ಸರಪಣಿಗೆ ಅಂಟಿದ ಚಿಕ್ಕ ತುಂಡು) ಟ್ರಿಟಿಯಂ ಹಾಕಿ ಮೊಲದ ರಕ್ತನಾಳಕ್ಕೆ ಕೊಟ್ಟರು. 2.5ರಿಂದ 4.5 ನಿಮಿಷದಲ್ಲಿ ರಕ್ತದಿಂದ ಅರ್ಧ ಮಾಯ! ಬಹುಪಾಲು ಹೋಗಿದ್ದು ಯಕೃತ್ತಿಗೆ. 20 ನಿಮಿಷದೊಳಗೆ ಟ್ರಿಟಿಯಂ ನೀರಿನ ರೂಪದಲ್ಲಿ ರಕ್ತದಲ್ಲಿ ಮತ್ತೆ ಕಾಣಿಸಿಕೊಂಡಿತು. ಅಂದರೆ ನಿಮಗೆ ಸಿಕ್ಕ ವಿಕಿರಣ ಈ ನೀರಿನದೂ ಇರಬಹುದು.

ಅದಕ್ಕೇ ಪ್ಲಾಸ್ಮಾದ ಒಂದು ಪಾಲನ್ನು ಹಾಗೇ ಎಣಿಸಿ, ಇನ್ನೊಂದನ್ನು ಪೂರ್ತಿ ಒಣಗಿಸಿ ಎಣಿಸಿ. ಕಡಿಮೆಯಾದಷ್ಟು ನೀರಿನದು. ಉಳಿದದ್ದನ್ನು, ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಫಿಲ್ಟ್ರೇಷನ್ ಕಾಲಂಗೆ ಹಾಕಿ. ಉದ್ದ ಸರಪಣಿ ಮೊದಲು ಇಳಿಯುತ್ತದೆ, ಚೂರುಗಳು ಆಮೇಲೆ. ಈ ಹಂತ ದಯವಿಟ್ಟು ಬಿಡಬೇಡಿ.