ಒಟ್ಟಿಗೆ ವಿಡಿಯೋ ಗೇಮ್ ಆಡಿದರೆ ಕೆಲಸದಲ್ಲೂ ಹೊಂದಾಣಿಕೆ ಬರುತ್ತದೆಯೇ?

ಟೀಮಿಗೆ ಹೊಸಬರು ಸೇರಿದ್ದಾರೆ, ವಾರಕ್ಕೊಮ್ಮೆ ಎಲ್ಲರನ್ನೂ ಕೂರಿಸಿ ಗೇಮ್ ಆಡಿಸಿದರೆ ಉಪಯೋಗ ಆದೀತೇ ಅಂತ ಕೇಳಿದ್ದೀರಿ. ಆಗುತ್ತದೆ, ಮುಖ್ಯವಾಗಿ ಮಾತಿನ ವಿಷಯದಲ್ಲಿ.

ನಾನು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಒಂದು ಸಿಎನ್‌ಸಿ ಶಾಪಿನ, ಅಂದರೆ ಕಂಪ್ಯೂಟರ್ ನಡೆಸುವ ಮಷೀನುಗಳಲ್ಲಿ ಲೋಹದ ಬಿಡಿಭಾಗ ಕಡೆಯುವ ಕಾರ್ಖಾನೆಯ, ಶಿಫ್ಟ್ ನೋಡಿಕೊಳ್ಳುವವನು. ಇಲ್ಲಿ ಕಂಪನಿ ಯಾರಿಗೂ ಗೇಮ್ ಆಡಿಸಿಲ್ಲ. ಹುಡುಗರೇ ರೂಮಿಗೆ ಹೋದಮೇಲೆ ನಾಲ್ವರ ಸ್ಕ್ವಾಡ್ ಕಟ್ಟಿಕೊಂಡು ಮೊಬೈಲಿನಲ್ಲಿ ಬಿಜಿಎಂಐ ಅನ್ನುವ ಗುಂಡು ಹಾರಿಸುವ ಗೇಮ್ ಆಡುತ್ತಾರೆ. ಹುಕ್ಕೇರಿಯವನು, ಮನೆಯಲ್ಲಿ ಮರಾಠಿ ಆಡುವ ಖಾನಾಪುರದವನು, ಐಟಿಐ ಮುಗಿಸಿ ಮೊನ್ನೆ ಸೇರಿದವನು, ಎಲ್ಲ ಕೂಡಿ. ಆ ಗೇಮಿನಲ್ಲಿ ‘ಅಲ್ಲಿ, ಅಲ್ಲಿ ಅದಾನ’ ಅಂದರೆ ಕೆಲಸಕ್ಕೆ ಬಾರದು. ಪರದೆಯ ಮೇಲಿನ ಕಂಪಾಸ್ ನೋಡಿ ‘330, ಕೆಂಪ್ ಮನಿ ಹಿಂದ, ಇಬ್ರು’ ಅನ್ನಬೇಕು. ಶಾಪಿನಲ್ಲೂ ಇದೇ ಬೇಕಾಗಿರೋದು. ಹೊಸ ಹುಡುಗ ಸಾಮಾನ್ಯವಾಗಿ ‘ಸರ, ಏನೋ ಆವಾಜ್ ಬರಾಕತ್ತೈತ್ರಿ’ ಅಂತ ನಿಂತುಬಿಡುತ್ತಾನೆ. ಸ್ಕ್ವಾಡಿನ ಹುಡುಗರು ‘ಮೂರನೇ ಮಷೀನ್, ಟೂಲ್ ಸವದೈತಿ, ಓಡಿ ಹೆಚ್ಚ ಬರಾಕತ್ತೈತಿ’ ಅನ್ನುತ್ತಾರೆ (ಓಡಿ ಅಂದರೆ ಕಡೆದ ಭಾಗದ ಹೊರ ವ್ಯಾಸ). ಅದೂ ತಮಗಿಂತ ಹಿರಿಯ ಆಪರೇಟರಿಗೆ, ಅಳುಕಿಲ್ಲದೆ. ರಾತ್ರಿ ಗೇಮಿನಲ್ಲಿ ಅವನಿಗೇ ‘ಕವರ್ ಕೊಡೋ’ ಅಂದಿರುತ್ತಾರಲ್ಲ!

ಇದು ನನ್ನ ಕಣ್ಣಳತೆ ಅಷ್ಟೇ ಅನ್ನಬಹುದು. ಆದರೆ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ್ದಾರೆ. ಪರಸ್ಪರ ಪರಿಚಯವಿಲ್ಲದ 352 ಮಂದಿಯನ್ನು 80 ತಂಡ ಮಾಡಿ, ಸುಳಿವು ಹಿಡಿದು ಜಾಗ ಹುಡುಕುವ ಕೆಲಸ ಕೊಟ್ಟರು. ಆಮೇಲೆ ಕೆಲವು ತಂಡಗಳು 45 ನಿಮಿಷ ಒಟ್ಟಿಗೆ ಗೇಮ್ ಆಡಿದವು, ಕೆಲವು ಗುರಿಯ ಬಗ್ಗೆ ಚರ್ಚಿಸಿದವು, ಉಳಿದವು ಸುಮ್ಮನೆ ತಮ್ಮ ತಮ್ಮ ಓದು ನೋಡಿಕೊಂಡವು. ಮತ್ತೆ ಹುಡುಕಲು ಕಳಿಸಿದಾಗ ಗೇಮ್ ಆಡಿದವರ ಸಾಧನೆ ಸುಮಾರು ಶೇ. 20 ಏರಿತ್ತು. ನನಗೆ ಹಿಡಿಸಿದ್ದು ಇನ್ನೊಂದು ಅಂಶ: ‘ನಮ್ಮಲ್ಲಿ ಒಗ್ಗಟ್ಟು ಹೆಚ್ಚಾಯ್ತು’ ಅಂತ ಜಾಸ್ತಿ ಹೇಳಿಕೊಂಡವರು ಚರ್ಚೆ ಮಾಡಿದ ತಂಡದವರು, ಕೆಲಸದಲ್ಲಿ ಮುಂದೆ ಬಂದವರು ಗೇಮ್ ಆಡಿದವರು. ಮೀಟಿಂಗ್ ಮುಗಿಸಿ ಚಹಾ ಕುಡಿಯುವಾಗ ನಮಗೂ ಹಾಗೇ ಅನ್ನಿಸುತ್ತದಲ್ಲವೇ!

ಹಾಗಂತ ಅದು ಒಂದೇ ದಿನದ, ಅಪರಿಚಿತರ ಪರೀಕ್ಷೆ. ವರ್ಷಗಟ್ಟಲೆ ಜೊತೆಗಿದ್ದು ಮುನಿಸಿಕೊಂಡವರನ್ನು ಗೇಮ್ ಒಂದುಮಾಡುತ್ತದೆ ಅಂತ ನಾನು ನಂಬುವುದಿಲ್ಲ. ಗೇಮಿನಿಂದ ಬರಬಾರದ್ದೂ ಒಂದಿದೆ. ಅಲ್ಲಿ ಸತ್ತರೆ ಮುಂದಿನ ಮ್ಯಾಚ್ ಇರುತ್ತದೆ, ಅದಕ್ಕೇ ಎಲ್ಲರೂ ನುಗ್ಗುತ್ತಾರೆ. ಬಿಡಿಭಾಗ ಹಿಡಿದು ತಿರುಗುವ ಚಕ್ ಹತ್ತಿರ ಆ ಧೈರ್ಯ ಬೇಡ. ರಾತ್ರಿಯೆಲ್ಲ ಆಡಿ ಬೆಳಗಿನ ಶಿಫ್ಟಿಗೆ ಕೆಂಗಣ್ಣು ಮಾಡಿಕೊಂಡು ಬಂದವನನ್ನು ನಾನು ಮಷೀನಿಗೆ ಬಿಡುವುದಿಲ್ಲ, ಪ್ಯಾಕಿಂಗಿಗೆ ಕಳಿಸುತ್ತೇನೆ.

ನೀವು ಆಡಿಸುವುದಾದರೆ ಆಫೀಸಿನ ಹೊತ್ತಿನಲ್ಲೇ ಆಡಿಸಿ. ಮನೆಗೆ ಬೇಗ ಹೋಗಬೇಕಾದವರು, ಮಕ್ಕಳಿರುವ ಹೆಣ್ಣುಮಕ್ಕಳು, ರಾತ್ರಿ ಆಟಕ್ಕೆ ಸಿಗುವುದಿಲ್ಲ. ಅವರನ್ನು ಬಿಟ್ಟು ಕಟ್ಟಿದ ಸ್ಕ್ವಾಡು ಆಫೀಸಿನಲ್ಲಿ ಬೇರೆ ಗುಂಪೇ ಆಗುತ್ತದೆ. ಗುಂಡು ಹಾರಿಸುವ ಆಟವೇ ಬೇಕೆಂದಿಲ್ಲ, ಮೊದಲ ಸಲ ಹಿಡಿದವರಿಗೂ ಬರುವಂಥದ್ದಿರಲಿ. ಮತ್ತೆ ಮ್ಯಾನೇಜರ್ ಆಡಲಿಕ್ಕೆ ಬಂದರೆ ದಯವಿಟ್ಟು ಅವರನ್ನು ಲೀಡರ್ ಮಾಡಬೇಡಿ.